ಸಹಾಯ ಬೇಕು: ಬಿಸಿನೀರಿನಲ್ಲಿ ಹದಗೊಳಿಸಿದ ಹುಲ್ಲಿಗೂ ಹಸಿರು ಬೂಷ್ಟು

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಸಮೀಪದ ನಮ್ಮ ಮನೆಯಲ್ಲಿ ಚಿಪ್ಪಣಬೆ ಬೆಳೆಯಲೆಂದು, ಭತ್ತದ ಹುಲ್ಲನ್ನು ಎರಡು ಅಂಗುಲದ ತುಂಡುಗಳಾಗಿ ಕತ್ತರಿಸಿ, ರಾತ್ರಿಯಿಡೀ ನೆನೆಸಿ, ಹಂಡೆಯಲ್ಲಿ 70ರಿಂದ 80 ಡಿಗ್ರಿ ಸೆಲ್ಸಿಯಸ್ ಬಿಸಿಯಿದ್ದ ನೀರಿನಲ್ಲಿ ಒಂದು ಗಂಟೆ ಮುಳುಗಿಸಿಟ್ಟು, ಬಸಿದು ತಣಿಸಿದ ಮೇಲೆಯೇ ಅಣಬೆ ಬೀಜ ಬೆರೆಸಿ ಚೀಲಗಳಿಗೆ ತುಂಬಿದ್ದೆ. ಆದರೂ ಆರು ಚೀಲಗಳ ಪೈಕಿ ನಾಲ್ಕರಲ್ಲಿ ಹತ್ತನೆಯ ದಿನಕ್ಕೆ ಹಸಿರು ಬೂಷ್ಟು ಕಾಣಿಸಿಕೊಂಡಿತು.

ಹುಲ್ಲನ್ನು ಹಿಂಡಿದಾಗ ಅಂಗೈ ಒದ್ದೆಯಾಗಬೇಕೇ ಹೊರತು ನೀರು ತೊಟ್ಟಿಕ್ಕಬಾರದೆಂದು ತಿಳಿದಿದ್ದರೂ, ಕೊಡಗಿನ ಈ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಹೊರಗೆ ಹರಡಲಾಗದೆ ಅವಸರಪಟ್ಟೆನೆಂಬುದು ನಿಜ. ದೋಷ ತೇವದ್ದೋ, ಕಳೆದ ವರ್ಷದ ಹಳೆಯ ಹುಲ್ಲಿನದೋ, ಹಂಡೆಯ ನಡುವಿಗೆ ಕಾವು ತಲುಪದಿದ್ದುದೋ ತಿಳಿಯುತ್ತಿಲ್ಲ. ಮಳೆಗಾಲದಲ್ಲಿ ಮನೆಯೊಳಗೇ ಹುಲ್ಲನ್ನು ಹದವಾಗಿ ಆರಿಸುವ ಕ್ರಮವನ್ನೂ, ಬಿಸಿನೀರಿಗಿಂತ ಹಬೆಯೇ ಮೇಲೋ ಎಂಬುದನ್ನೂ ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ. ಕೆಟ್ಟ ಚೀಲಗಳನ್ನು ಈಗಾಗಲೇ ಬೆಳೆಕೋಣೆಯಿಂದ ದೂರ ಒಯ್ದು ಹೂತಿದ್ದೇನೆ.