ಬಿಸಿಲೇ ಬೀಳದ ರೂಮಿನಲ್ಲಿ ಟೊಮೆಟೊ, ಸೊಪ್ಪು: ಗ್ರೋ ಲೈಟ್ ಹಾಕಿ ಬೆಳೆದವರು ಅನುಭವ ಹೇಳಿ

ಹೊಸ ಕುಂಡ:
ನಮಸ್ಕಾರ. ನಮಗೆ ಬಾಲ್ಕನಿ ಇಲ್ಲ, ತಾರಸಿ ನಮ್ಮದಲ್ಲ. ಒಂದು ಸಣ್ಣ ರೂಮು ಖಾಲಿ ಬಿದ್ದಿದೆ. ಕಿಟಕಿ ತೆಗೆದರೆ ಪಕ್ಕದ ಕಟ್ಟಡದ ಗೋಡೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಜಾಗ ಬಿಟ್ಟುಕೊಡಬಹುದು. ಗ್ರೋ ಲೈಟ್ ಹಾಕಿ ಒಂದೆರಡು ಟೊಮೆಟೊ, ಸ್ವಲ್ಪ ಲೆಟ್ಯೂಸ್, ಪಾಲಕ್ ಬೆಳೆಯುವ ಆಸೆ. ಯಾವ ಲೈಟು? ಮಣ್ಣಾ, ನೀರಾ? ಕರೆಂಟ್ ಎಷ್ಟು ತಿನ್ನುತ್ತದೆ? ಮಾಡಿ ನೋಡಿದವರು ಹೇಳಿ. ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ.

ಪ್ಲಗ್ ಮೀಟರ್:
ಲೈಟಿನ ಮಾತು ಬಂದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ತರಿಸಿದ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 1000 ವ್ಯಾಟ್ ಅಂತಿತ್ತು. ಸಾಕೆಟ್‌ಗೆ ಮೀಟರ್ ಸಿಕ್ಕಿಸಿ ನೋಡಿದರೆ ಎಳೆಯುತ್ತಿದ್ದದ್ದು 108. ಮಾರಿದವನನ್ನು ಕೇಳಿದೆ. "ಅದು ಹಳೇ ಬಲ್ಬಿಗೆ ಸಮಾನ ಸರ್" ಅಂದ. ಸಮಾನ ಅಂತೆ! ವಾಪಸ್ ಕಳಿಸುವ ಖರ್ಚು ನನ್ನ ತಲೆಗೆ. ಡಬ್ಬಿ ಹರಿದಿದೆ ಅಂತ ಅದರಲ್ಲೂ ಒಂದಿಷ್ಟು ಮುರಿದುಕೊಂಡ.

ಆಮೇಲೆ ಕೂತು ಲೆಕ್ಕ ಕಲಿತೆ. ಡಬ್ಬಿಯ ವ್ಯಾಟ್ ಬಿಡಿ, ಎಲೆಯ ಮೇಲೆ ಬೀಳುವ ಪಿಪಿಎಫ್‌ಡಿ, ಅಂದರೆ ಗಿಡಕ್ಕೆ ಉಪಯೋಗವಾಗುವ ಬೆಳಕು ಚದರ ಮೀಟರ್‌ಗೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ ಅಂತ ನೋಡಿ. ಲೆಟ್ಯೂಸ್‌ಗೆ 200 ಇದ್ದರೆ ನಡೆಯುತ್ತದೆ. ಟೊಮೆಟೊಗೆ 400 ಬೇಕು, ಅದೂ 16 ಗಂಟೆ. ಆಗ ದಿನದ ಒಟ್ಟು ಬೆಳಕು, ಅಂದರೆ ಡಿಎಲ್‌ಐ, 23 ಆಗುತ್ತದೆ. ಟೊಮೆಟೊ, ಮೆಣಸಿನಕಾಯಿ ಎರಡೂ 20ರಿಂದ 30 ಕೇಳುತ್ತವೆ. ಎಂಟು ಚದರ ಅಡಿಗೆ ಇಷ್ಟು ಕೊಡಬೇಕೆಂದರೆ, ಒಂದು ಜೌಲ್ ಕರೆಂಟಿಗೆ 2.5 ಮೈಕ್ರೊಮೋಲ್ ಬೆಳಕು ಕೊಡುವ ಒಳ್ಳೇ ಎಲ್‌ಇಡಿ ಆದರೂ, ಗೋಡೆಗೆ ಹೋಗಿ ಹಾಳಾಗುವ ಬೆಳಕು ಸೇರಿ 150 ವ್ಯಾಟ್ ನಿಜವಾಗಿ ಎಳೆಯಬೇಕು. ದಿನಕ್ಕೆ 2.4 ಯೂನಿಟ್, ತಿಂಗಳಿಗೆ 72. ಇದು ಬರೀ ಲೈಟು. 20 ವ್ಯಾಟ್ ಫ್ಯಾನ್ ಹಗಲೂ ರಾತ್ರಿ ಓಡಿದರೆ ಇನ್ನೊಂದು 14. ಆ ಸುಳ್ಳು ಲೈಟಿನ ಕೆಳಗೆ ನನ್ನ ಟೊಮೆಟೊ ಸೊರಗಿ ಉದ್ದವಾಯಿತು, ಹೂ ಬಿಟ್ಟಿತು, ಎಲ್ಲ ಹೂವನ್ನೂ ಉದುರಿಸಿತು. ಒಂದು ಕಾಯಿ ಇಲ್ಲ.

ನೇರಳೆ ಬೆಳಕು:
ಸಮಾನ ವ್ಯಾಟ್ ಅಂತ ಎಲ್ಲರೂ ಬರೆಯುತ್ತಾರೆ ಸರ್, ಅದಕ್ಕೆ ಇಷ್ಟು ರಂಪ ಯಾಕೆ? ನನ್ನದು ಕೆಂಪು-ನೀಲಿ ಮಾತ್ರ ಇರುವ ಅಗ್ಗದ ಲೈಟು. ತರಂಗಾಂತರ ನೀಲಿಗೆ 450, ಕೆಂಪಿಗೆ 660 ನ್ಯಾನೊಮೀಟರ್. ಎಲೆಯ ಹರಿತ್ತು ಹೀರುವುದೇ ಮುಖ್ಯವಾಗಿ ಅವೆರಡನ್ನು, ಹಸಿರು ಬೆಳಕಿಗೆ ಯಾಕೆ ಕರೆಂಟ್ ಸುಡಬೇಕು? ನನ್ನ ಕಾಮಕಸ್ತೂರಿ ಗಿಡ ನೋಡಿದವರೆಲ್ಲ ಕಟಿಂಗ್ ಕೇಳಿಕೊಂಡು ಹೋಗಿದ್ದಾರೆ. ಬಾಹ್ಯಾಕಾಶ ನಿಲ್ದಾಣದಲ್ಲಿ ನಾಸಾದವರ 'ವೆಜ್ಜಿ' ಅಂತ ಒಂದು ಪೆಟ್ಟಿಗೆ ಇದೆ. 2015ರಲ್ಲಿ ಗಗನಯಾತ್ರಿಗಳು ಅದರಲ್ಲಿ ಬೆಳೆದ ಕೆಂಪು ಲೆಟ್ಯೂಸ್ ತಿಂದರು. ಫೋಟೊ ನೋಡಿ, ಪೆಟ್ಟಿಗೆ ಪೂರ್ತಿ ನೇರಳೆ. ಅವರಿಗಿಂತ ನಮಗೆ ಜಾಸ್ತಿ ಗೊತ್ತಾ?

ಬೆಳ್ಳನೆ ಬೆಳಕು:
ಅದೇ ವೆಜ್ಜಿಯಲ್ಲಿ ಹಸಿರು ಎಲ್‌ಇಡಿಯೂ ಇದೆ ಸ್ವಾಮಿ. ನೇರಳೆಯಲ್ಲಿ ಗಿಡ ತಿನ್ನುವ ಹಾಗೆ ಕಾಣುವುದಿಲ್ಲ ಅಂತಲೇ ಸೇರಿಸಿದ್ದು. ಅರ್ಧ ಓದಿ ನಾಸಾ ಹೆಸರು ಹೇಳಬೇಡಿ. ಹಸಿರು ಬೆಳಕು ದಂಡ ಅನ್ನುವುದೂ ತಪ್ಪು. ಕೆಂಪು, ನೀಲಿ ಎಲೆಯ ಮೇಲ್ಪದರದಲ್ಲೇ ಮುಗಿಯುತ್ತವೆ, ಹಸಿರು ಒಳಗಿನ ಪದರಕ್ಕೂ, ಕೆಳಗಿನ ಎಲೆಗೂ ಇಳಿಯುತ್ತದೆ.

ನನ್ನ ಕಷ್ಟ ಬೇರೆ. ನೇರಳೆ ಲೈಟಿನ ಕೆಳಗೆ ಎಲೆ ಹಳದಿಯಾಗಿದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಎಲ್ಲವೂ ಕಪ್ಪಗೆ ಕಾಣುತ್ತದೆ. ಲೈಟ್ ಆರಿಸಿ ಟಾರ್ಚ್ ಹಿಡಿದಾಗ ಎಲೆಯ ಅಡಿಯಲ್ಲಿ ಸಣ್ಣ ಬಲೆ, ಬಲೆಯ ಮೇಲೆ ಕೆಂಪು ಚುಕ್ಕೆಗಳು ಓಡಾಡುತ್ತಿದ್ದವು. ಜೇಡ ನುಸಿ. ಅಷ್ಟು ಹೊತ್ತಿಗೆ ಮೆಣಸಿನ ಗಿಡ ಪೂರ್ತಿ ಹತ್ತಿಬಿಟ್ಟಿತ್ತು. ರೂಮು ಒಣಗಿ ಬಿಸಿಯಾಗಿದ್ದರೆ ಅವಕ್ಕೆ ಹಬ್ಬ. ಗಿಡ, ಮಣ್ಣು, ಕುಂಡ ಎಲ್ಲ ಎಸೆದೆ. ಈಗ 3500 ಕೆಲ್ವಿನ್‌ನ, ಅಂದರೆ ಸ್ವಲ್ಪ ಹಳದಿ ಛಾಯೆಯ ಬಿಳಿ ಪ್ಯಾನೆಲ್. ಹೊಸಬರು ಬೇರೆ ಏನೂ ನೋಡಬೇಡಿ, ಅದನ್ನೇ ತಗೊಳ್ಳಿ.

ನೇರಳೆ ಬೆಳಕು:
ನುಸಿ ಬಂದಿದ್ದು ನಿಮ್ಮ ಗಿಡಕ್ಕೆ, ಬೈಗುಳ ನನ್ನ ಲೈಟಿಗೆ. ಚೆನ್ನಾಗಿದೆ.

ಬೇರು ಬಿಟ್ಟವಳು:
ಲೈಟ್ ಜಗಳ ನಿಲ್ಲಿಸ್ತೀರಾ? ಅವರು ಮಣ್ಣಾ ನೀರಾ ಅಂತಲೂ ಕೇಳಿದ್ದಾರೆ. ನಾನು ನೀರು. ಕ್ರಾಟ್ಕಿ ವಿಧಾನ, ಪಂಪಿಲ್ಲ, ಸದ್ದಿಲ್ಲ. ಡಬ್ಬಿಯಲ್ಲಿ ಗೊಬ್ಬರದ ನೀರು, ಮುಚ್ಚಳದ ತೂತಿನಲ್ಲಿ ಸಸಿ. ನೀರು ಇಳಿದ ಹಾಗೆ ಮೇಲಿನ ಬೇರು ಗಾಳಿ ಎಳೆದುಕೊಳ್ಳುತ್ತದೆ. ಲೆಟ್ಯೂಸ್ ಎಷ್ಟು ಚಂದ ಬಂತು ಅಂದರೆ ಮನೆಯವರಿಗೆ ತಿಂದು ಸಾಕಾಯಿತು.

ಆದರೆ ಸುಲಭ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇಸಿಗೆಯಲ್ಲಿ ನೀರು 25 ಡಿಗ್ರಿ ದಾಟಿತು. ಬಿಸಿ ನೀರಿನಲ್ಲಿ ಆಮ್ಲಜನಕ ಕಮ್ಮಿ ನಿಲ್ಲುತ್ತದೆ. ಬಿಳಿ ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಡಿದರೆ ಮೇಲಿನ ಸಿಪ್ಪೆ ಲೋಳೆಯಾಗಿ ಜಾರಿ ಒಳಗಿನ ನಾರು ಮಾತ್ರ ಕೈಗೆ ಬರುತ್ತಿತ್ತು. ಎಲ್ಲ ಡಬ್ಬಿ ಚೆಲ್ಲಿದೆ. ಆಮೇಲೆ ಎಲೆ ತುದಿ ಸುಡುವುದು ಶುರು. ಕ್ಯಾಲ್ಸಿಯಂ ಕಮ್ಮಿ ಅಂದರು, ಬಾಟಲಿ ತಂದೆ. ಇನ್ನೂ ಸುಟ್ಟಿತು. ಕ್ಯಾಲ್ಸಿಯಂ ನೀರಿನಲ್ಲಿ ಇತ್ತು, ಒಳಗಿನ ಎಳೆ ಎಲೆಗೆ ಮುಟ್ಟುತ್ತಿರಲಿಲ್ಲ, ಯಾಕೆಂದರೆ ಅಲ್ಲಿ ಗಾಳಿ ಆಡುತ್ತಿರಲಿಲ್ಲ. ಒಂದು ಸಣ್ಣ ಫ್ಯಾನ್ ತಿರುಗಿಸಿಟ್ಟ ಮೇಲೆ ಹೊಸ ಎಲೆ ಸರಿಯಾಗಿ ಬಂದವು. ಬಾಟಲಿ ಇನ್ನೂ ಕಪಾಟಿನಲ್ಲಿದೆ.

ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 5.5ರಿಂದ 6.5ರೊಳಗೆ ಇರಬೇಕು, ಅದು ನಿಮಗೆಲ್ಲ ಗೊತ್ತಿರುತ್ತದೆ. ನನ್ನ ಪಿಎಚ್ ಅಳೆಯುವ ಪೆನ್ನು ಮಾತ್ರ ಒಂದು ದಿನ 5.8, ಮರುದಿನ 7.1 ತೋರಿಸುತ್ತಿತ್ತು. ಕಳಪೆ ಮಾಲು. ಅದನ್ನು ನಂಬಿ ಆಸಿಡ್ ಸುರಿದು ಒಂದು ಟ್ರೇ ಕಾಮಕಸ್ತೂರಿ ಹೋಯಿತು.

ಬಫರ್ ಏಳು:
ಮೇಡಂ, ಪೆನ್ನಿನ ತುದಿಯನ್ನು ಯಾವುದರಲ್ಲಿ ನೆನೆಸಿಡುತ್ತಿದ್ದಿರಿ? ಡಿಸ್ಟಿಲ್ಡ್ ವಾಟರ್ ಅಲ್ವಾ?

ಬೇರು ಬಿಟ್ಟವಳು:
ಹೌದು. ಶುದ್ಧ ನೀರು ತಾನೇ?

ಬಫರ್ ಏಳು:
ಅದೇ ಕೊಂದದ್ದು. ಆ ಗಾಜಿನ ತುದಿಯನ್ನು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡಬೇಕು. ಡಿಸ್ಟಿಲ್ಡ್ ನೀರಿಗೆ ಹಾಕಿದರೆ ಒಳಗಿನ ಲವಣ ಹೊರಗೆ ಸೋರುತ್ತದೆ. ಒಣಗಿಸಿದರೂ ಹಾಳು. ಪಿಎಚ್ 7 ಮತ್ತು 4 ಅಂತ ಮೊದಲೇ ಗೊತ್ತಿರುವ ಬಫರ್ ದ್ರಾವಣದಲ್ಲಿ ಅದ್ದಿ ಆಗಾಗ ಸರಿಮಾಡಿಕೊಳ್ಳಲೂ ಬೇಕು. ಪೆನ್ನನ್ನು ಬೈಯುವ ಮೊದಲು ಅದರ ಜೊತೆ ಬಂದ ಚೀಟಿ ಓದಿ.

ಬೇರು ಬಿಟ್ಟವಳು:
ಚೀಟಿಯಲ್ಲಿ ಇದೊಂದೂ ಇರಲಿಲ್ಲ ರೀ. ಇದ್ದಿದ್ದರೆ ಓದುತ್ತಿದ್ದೆ. ಮೇಷ್ಟ್ರ ಧಾಟಿ ಬೇಡ.

ಹೊಸ ಕುಂಡ:
ಎಲ್ಲರಿಗೂ ಥ್ಯಾಂಕ್ಸ್. ಲೆಟ್ಯೂಸ್ ನೀರಿನಲ್ಲಿ, ಟೊಮೆಟೊ ಮಣ್ಣಿನಲ್ಲಿ ಅಂದುಕೊಂಡಿದ್ದೇನೆ. ಪಾಲಕ್ ಬಗ್ಗೆ ಯಾರೂ ಹೇಳಲಿಲ್ಲ. ಒಂದೇ ಲೈಟಿನ ಕೆಳಗೆ ಇಡಬಹುದಾ?

ಟೈಮರ್:
ಇಡಬೇಡಿ. ಟೊಮೆಟೊಗೆ ಅಂತ 16 ಗಂಟೆ ಉರಿಸಿದ ಲೈಟಿನ ಪಕ್ಕದಲ್ಲೇ ನನ್ನ ಪಾಲಕ್ ಟ್ರೇ ಇತ್ತು. ಅಂಗೈ ಅಗಲದ ಎಲೆ ಬರುವ ಮೊದಲೇ ನಡುವಿನಿಂದ ದಂಟು ಎದ್ದು ಹೂ ಬಿಟ್ಟಿತು, ಎಲೆ ಮೊನಚಾಗಿ ಕಹಿಯಾಯಿತು. ಬೀಜ ಸರಿ ಇಲ್ಲ ಅಂದುಕೊಂಡು ಬೇರೆ ಪ್ಯಾಕೆಟ್ ತಂದೆ. ಅದೂ ಹಾಗೇ. ಸ್ಪಿನಾಚ್ ಉದ್ದ ಹಗಲು ಕಂಡರೆ ಹೂ ಬಿಡುವ ಗಿಡ. 14 ಗಂಟೆ ದಾಟಿದರೆ ಅದಕ್ಕೆ ಬೇಸಿಗೆ ಬಂದ ಲೆಕ್ಕ. 11-12 ಗಂಟೆಗೆ ಇಳಿಸಿ, ಬೆಳಕು ಸ್ವಲ್ಪ ಜೋರು ಮಾಡಿ. ಅದಕ್ಕೆ ನಾನು ಇನ್ನೊಂದು ಲೈಟು, ಇನ್ನೊಂದು ಟೈಮರ್, ನಡುವೆ ಬೆಳಕು ತಡೆಯಲು ಒಂದು ಪರದೆ ಅಂತ ದುಡ್ಡು ಸುರಿದೆ. ಸೊಪ್ಪಿಗೋಸ್ಕರ!

ನೇರಳೆ ಬೆಳಕು:
ನನ್ನ ಪಾಲಕ್ 18 ಗಂಟೆ ಬೆಳಕಿನಲ್ಲಿ ಇತ್ತು, ಹೂ ಬಿಡಲೇ ಇಲ್ಲ. ಸುಮ್ನೆ ಹೆದರಿಸಬೇಡಿ.

ಟೈಮರ್:
ನಿಮ್ಮದು ಯಾವ ಜಾತಿ ನೋಡಿ. ಪಾಲಕ್ ಅಂತ ಮಾರುವುದರಲ್ಲಿ ಬೀಟ್‌ರೂಟ್ ಜಾತಿಯದ್ದೂ ಇದೆ, ಸ್ಪಿನಾಚೂ ಇದೆ. ಎರಡರ ಸ್ವಭಾವ ಬೇರೆ. ಇನ್ನೊಂದು ಮಾತು, ಯಾರೋ ಹೇಳಿದರು ಅಂತ ಟೊಮೆಟೊಗೆ 24 ಗಂಟೆ ಲೈಟ್ ಬಿಡಬೇಡಿ. ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾಗುತ್ತದೆ. ಅದಕ್ಕೂ ಕತ್ತಲು ಬೇಕು.

ಹಳದಿ ಅಂಟು:
ಮಣ್ಣು ಅಂತ ತೀರ್ಮಾನ ಮಾಡಿದ್ದೀರಲ್ಲ, ಹಾಗಾದರೆ ನನ್ನ ಕಥೆ ಕೇಳಿ. ಚೀಲದ ಮಣ್ಣು ತಂದೆ, ಮೇಲೆ ಚೆನ್ನಾಗಿಯೇ ಇತ್ತು. ಸ್ವಲ್ಪ ದಿನಕ್ಕೆ ಕಪ್ಪು ಸಣ್ಣ ನೊಣ ಹಾರಾಡತೊಡಗಿದವು. ಫಂಗಸ್ ನ್ಯಾಟ್. ಹಾರುವುದು ಕಾಟ ಮಾತ್ರ, ಹಾಳು ಮಾಡುವುದು ಮಣ್ಣಿನಲ್ಲಿರುವ ಹುಳು. ಒದ್ದೆ ಮಣ್ಣಿನ ಬೂಸ್ಟು ತಿನ್ನುತ್ತಾ ಎಳೆ ಬೇರಿಗೂ ಬಾಯಿ ಹಾಕುತ್ತದೆ. ಹಳದಿ ಅಂಟುಹಾಳೆ ಕಟ್ಟಿದೆ, ಹಾಳೆ ಕಪ್ಪಾಯಿತು, ನೊಣ ಕಮ್ಮಿಯಾಗಲಿಲ್ಲ. ಮೊಟ್ಟೆಯಿಂದ ನೊಣ ಆಗಲು ಮೂರ್ನಾಲ್ಕು ವಾರ, ಆದ್ದರಿಂದ ಹಾಳೆ ಒಂದೇ ಸಾಲದು. ಕೊನೆಗೆ ಆ ಹುಳುಗಳನ್ನು ಕೊಲ್ಲುವ ಬಿಟಿಐ ಅನ್ನುವ ಬ್ಯಾಕ್ಟೀರಿಯಾದ ಪುಡಿಯನ್ನು ನೀರಿನಲ್ಲಿ ಕಲಸಿ ಬಿಡುತ್ತಾ, ಮೇಲಿನ ಒಂದಿಂಚು ಮಣ್ಣು ಒಣಗುವವರೆಗೆ ನೀರು ಮುಟ್ಟಿಸದೆ ಇದ್ದ ಮೇಲೆ ಹೋದವು. ಮನೆಯವರು ಇವತ್ತಿಗೂ ಎಲ್ಲಿ ನೊಣ ಕಂಡರೂ ನನ್ನ ಕಡೆ ತಿರುಗುತ್ತಾರೆ.

ಇನ್ನೊಂದು ಖರ್ಚು ಯಾರೂ ಹೇಳುವುದಿಲ್ಲ. ಗಿಡಕ್ಕೆ ಹಾಕಿದ ನೀರೆಲ್ಲ ಎಲೆಯಿಂದ ಗಾಳಿಗೇ ಬರುವುದು. ಬಾಗಿಲು ಮುಚ್ಚಿದ ರೂಮಿನಲ್ಲಿ ತೇವ 80 ಶೇಕಡಾ ಮುಟ್ಟಿತು. ಗೋಡೆ ಮೂಲೆಯಲ್ಲಿ ಬೂಸ್ಟು, ಎಲೆಯ ಮೇಲೆ ಬೂದಿ ರೋಗ. ತೇವ ಹೀರುವ ಮಿಷನ್ ತಂದೆ. 300 ವ್ಯಾಟ್, ದಿನಕ್ಕೆ 10 ಗಂಟೆ ಓಡಿದರೆ ತಿಂಗಳಿಗೆ 90 ಯೂನಿಟ್. ಲೈಟಿಗಿಂತ ಅದೇ ಜಾಸ್ತಿ ತಿಂದಿತು. ಗೋಡೆಗೆ ಬಣ್ಣ ಹೊಡೆಸಿದ್ದು ಬೇರೆ.

ಚೀಲ ಹಿಡಿದವ:
ಇಷ್ಟೆಲ್ಲ ಓದಿ ಒಂದೇ ಪ್ರಶ್ನೆ. ಅಂಗಡಿಯಲ್ಲಿ ಟೊಮೆಟೊ ಸಿಗುವುದಿಲ್ವಾ?

ಪ್ಲಗ್ ಮೀಟರ್:
ಸಿಗುತ್ತದೆ. ನಾನು ಲೆಕ್ಕ ಹಾಕಿದ್ದೇನೆ, ನಿಮಗಿಂತ ಮೊದಲು. ಒಳ್ಳೇ ಲೈಟ್ ಹಾಕಿದ ಮೇಲೆ ನಾಲ್ಕು ತಿಂಗಳಿಗೆ ಸುಮಾರು 344 ಯೂನಿಟ್ ಹೋಯಿತು, ಸಿಕ್ಕಿದ್ದು ಎಂಟು ಕಿಲೋ. ಕಿಲೋಗೆ 43 ಯೂನಿಟ್. ಉಳಿತಾಯಕ್ಕೆ ಯಾರೂ ಇದನ್ನು ಮಾಡುವುದಿಲ್ಲ. ಮೀನು ಸಾಕುವವರನ್ನು ಹೋಗಿ ಹೀಗೆ ಕೇಳುತ್ತೀರಾ?

ಬೇರು ಬಿಟ್ಟವಳು:
ಸೊಪ್ಪಿಗಾದರೆ ಲೆಕ್ಕ ಅಷ್ಟು ಕೆಟ್ಟದಾಗಿರುವುದಿಲ್ಲ. ಅರ್ಧ ಬೆಳಕು ಸಾಕು, ಹೂ ಕಾಯಿ ಅಂತ ಕಾಯುವುದಿಲ್ಲ. ಟೊಮೆಟೊ ಹಟ ಹಿಡಿದವರು ಹೀಗೆ ಅಳುತ್ತಾರೆ.

ಪ್ಲಗ್ ಮೀಟರ್:
ಅತ್ತಿಲ್ಲ, ಲೆಕ್ಕ ಕೊಟ್ಟಿದ್ದೇನೆ.

ಹಲ್ಲುಜ್ಜುವ ಬ್ರಷ್:
ಟೊಮೆಟೊ ಹೂ ಉದುರಿದ್ದಕ್ಕೆ ಲೈಟೊಂದನ್ನೇ ದೂರಬೇಡಿ ಸರ್. ಒಂದೇ ಹೂವಿನಲ್ಲಿ ಗಂಡೂ ಹೆಣ್ಣೂ ಇದ್ದರೂ, ಪರಾಗ ಉದುರಲು ಹೂ ನಡುಗಬೇಕು. ಹೊರಗೆ ಗಾಳಿ, ದುಂಬಿ ಮಾಡುತ್ತವೆ. ಒಳಗೆ ಯಾರು ಮಾಡಬೇಕು? ನಾನು ಬ್ಯಾಟರಿ ಬ್ರಷ್‌ನ ಹಿಂಬದಿಯನ್ನು ಗೊಂಚಲಿನ ತೊಟ್ಟಿಗೆ ಮುಟ್ಟಿಸುತ್ತೇನೆ. ಮಧ್ಯಾಹ್ನದ ಹೊತ್ತು, ರೂಮು ಜಾಸ್ತಿ ತೇವ ಇಲ್ಲದಾಗ. ತೇವ ಇದ್ದರೆ ಪರಾಗ ಅಂಟಿಕೊಂಡು ಉದುರುವುದಿಲ್ಲ. ಕಪ್ಪು ಕಾಗದ ಕೆಳಗೆ ಹಿಡಿದರೆ ಹಳದಿ ಪುಡಿ ಬೀಳುವುದು ಕಾಣುತ್ತದೆ.

ಇನ್ನೊಂದು ವಿಷಯಕ್ಕೆ ಹೆದರಬೇಡಿ. ಎಲ್‌ಇಡಿ ಕೆಳಗೆ ಕೆಲವು ಟೊಮೆಟೊ ತಳಿಗಳ ಎಲೆಗೆ, ತೊಟ್ಟಿಗೆ ಸಣ್ಣ ಗುಳ್ಳೆ ಏಳುತ್ತವೆ, ಸಕ್ಕರೆ ಹರಳು ಅಂಟಿಸಿದ ಹಾಗೆ. ನಾನು ಹುಳದ ಮೊಟ್ಟೆ ಅಂತ ಮೂರು ಥರದ ಔಷಧಿ ತರಿಸಿದ್ದೆ. ಅಂಗಡಿಯವನೂ ಹೌದು ಹೌದು ಅಂತ ಮೂರನ್ನೂ ಮಾರಿದ. ಅದು ರೋಗವೇ ಅಲ್ಲ, ಅತಿನೇರಳೆ ಕಿರಣ ಇಲ್ಲದ ಬೆಳಕಿನಲ್ಲಿ ಎಲೆಯ ಕೋಶ ಉಬ್ಬುವುದು.

ಬೆಳ್ಳನೆ ಬೆಳಕು:
ಬ್ರಷ್ ಎಲ್ಲ ಯಾಕೆ? ಫ್ಯಾನ್ ಗಾಳಿಗೇ ನನ್ನ ಗಿಡದಲ್ಲಿ ಕಾಯಿ ಕಚ್ಚಿದೆ.

ಹಲ್ಲುಜ್ಜುವ ಬ್ರಷ್:
ಕಚ್ಚುತ್ತದೆ, ಎಷ್ಟು? ನನ್ನ ಗೊಂಚಲಲ್ಲಿ ಏಳು ಹೂವಿಗೆ ಆರು ಕಾಯಿ. ನಿಮ್ಮದು ಎಣಿಸಿ ಹೇಳಿ.

ಬೆಳ್ಳನೆ ಬೆಳಕು:
ಎಣಿಸುವ ಚಟ ನನಗಿಲ್ಲ.

ಬಫರ್ ಏಳು:
ಹೊಸಬರೇ, ಲೈಟ್ ಎಷ್ಟು ಎತ್ತರದಲ್ಲಿ ಕಟ್ಟುತ್ತೀರಿ ಅನ್ನುವುದನ್ನು ಇಲ್ಲಿ ಒಬ್ಬರೂ ಕೇಳಿಲ್ಲ. ಫೋನಿನಲ್ಲಿ ಲಕ್ಸ್ ಅಳೆಯುವ ಆ್ಯಪ್ ಹಾಕಿಕೊಳ್ಳಿ. ಬಿಳಿ ಲೈಟ್ ಆದರೆ ಬಂದ ಸಂಖ್ಯೆಯನ್ನು 70ರಿಂದ ಭಾಗಿಸಿ, ಪಿಪಿಎಫ್‌ಡಿ ಅಂದಾಜು ಸಿಗುತ್ತದೆ. 28,000 ಲಕ್ಸ್ ಬಂದರೆ 400. ನೇರಳೆ ಲೈಟಿಗೆ ಈ ಲೆಕ್ಕ ನಡೆಯುವುದಿಲ್ಲ. ವೈರು ಸಾಕೆಟ್‌ಗಿಂತ ಕೆಳಗೆ ಒಂದು ಸುತ್ತು ಜೋತು ಬಿಡಿ, ನೀರು ತೊಟ್ಟಿಕ್ಕಿದರೆ ನೆಲಕ್ಕೆ ಬೀಳಲಿ. ಎಕ್ಸ್‌ಟೆನ್ಷನ್ ಬೋರ್ಡ್ ನೆಲದ ಮೇಲೆ ಇಡಲೇಬೇಡಿ.

ನೇರಳೆ ಬೆಳಕು:
ನೇರಳೆಗೆ ಯಾಕೆ ನಡೆಯುವುದಿಲ್ಲ?

ಬಫರ್ ಏಳು:
ಲಕ್ಸ್ ಅನ್ನುವುದು ಮನುಷ್ಯರ ಕಣ್ಣಿನ ಅಳತೆ. ನಮ್ಮ ಕಣ್ಣಿಗೆ ಹಸಿರು ಜೋರು, 660ರ ಕೆಂಪು ಮಂಕು. ನಿಮ್ಮ ಲೈಟ್ ಮೀಟರಿಗೆ ಇರುವುದಕ್ಕಿಂತ ಕಮ್ಮಿ ತೋರಿಸುತ್ತದೆ.

ನೇರಳೆ ಬೆಳಕು:
ಅಂದರೆ ನನ್ನ ಲೈಟು ಮೀಟರ್ ತೋರಿಸುವುದಕ್ಕಿಂತ ಜಾಸ್ತಿ ಕೊಡುತ್ತಿದೆ ಅಂತಾಯಿತು. ಬೆಳ್ಳನೆ ಬೆಳಕು ಅವರೇ, ಓದಿದಿರಾ?

ಬೆಳ್ಳನೆ ಬೆಳಕು:
ಓದಿದೆ. ಕಮ್ಮಿ ವ್ಯಾಟಿನ ಅಗ್ಗದ ಲೈಟು ಎಷ್ಟು ಜಾಸ್ತಿ ಕೊಟ್ಟರೂ ಅಷ್ಟೇ. ಪ್ಲಗ್ ಮೀಟರ್ ಅವರ ಹತ್ತಿರ ಮೀಟರ್ ಇಸಿದುಕೊಂಡು ಒಂದು ಸಲ ಸಿಕ್ಕಿಸಿ ನೋಡಿ, ಆಮೇಲೆ ಮಾತಾಡೋಣ.

ಪ್ಲಗ್ ಮೀಟರ್:
ಮೀಟರ್ ಯಾರಿಗೂ ಕೊಡುವುದಿಲ್ಲ. ಹಿಂದೆ ಕೊಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲ.