ಪದಚರ್ಚೆ: ‘ರಿವರ್ಸ್ ರಿವರ್ಬ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆ ಐದಕ್ಕೆ ಅಚ್ಚಿಗೆ)

ಹುಬ್ಬಳ್ಳಿ:
ಮನೆಯಲ್ಲೇ ಹಾಡು ಮುದ್ರಿಸಿಕೊಳ್ಳುವವರಿಗೆ ಎಂಟು ಪುಟದ ಕೈಪಿಡಿ. ಎಲ್ಲ ಮುಗಿದು ಒಂದು ಪದಕ್ಕೆ ನಿಂತಿದೆ. ಕ್ರಿಯೆ ಇದು: ಸಾಲಿನ ಮೊದಲ ಪದವನ್ನು ನಕಲು ಮಾಡಿ ಬೇರೆ ಟ್ರ್ಯಾಕಿಗೆ ಹಾಕುವುದು, ಅದನ್ನು ಕೊನೆಯಿಂದ ಮೊದಲಿಗೆ ತಿರುವುವುದು, ತಿರುವಿದ್ದಕ್ಕೆ ರಿವರ್ಬ್ (ಸದ್ದು ನಿಂತ ಮೇಲೂ ಕೋಣೆಯಲ್ಲಿ ಉಳಿಯುವಂಥ ನಾದ) ಕೊಟ್ಟು ಆ ನಾದದ ಬಾಲ ಪೂರ್ತಿ ಆರುವವರೆಗೆ ಮುದ್ರಿಸುವುದು, ಅಷ್ಟನ್ನೂ ಮತ್ತೆ ತಿರುವುವುದು. ಆಗ ಪದ ನೆಟ್ಟಗಾಗುತ್ತದೆ, ಬಾಲ ಮಾತ್ರ ಪದಕ್ಕಿಂತ ಮೊದಲೇ ಸಣ್ಣಗೆ ಹುಟ್ಟಿ, ಏರುತ್ತ ಬಂದು ಪದದೊಳಗೆ ಸೇರುತ್ತದೆ. ಕರಡಿನಲ್ಲಿ ‘ವಿಲೋಮ ಅನುರಣನ’ ಎಂದಿದೆ. ಬೇರೆ ಇದ್ದರೆ ಬೇಗ ಹೇಳಿ.

ಧಾರವಾಡ:
ಗಂಟೆ ಬಡಿದ ಮೇಲೆ ಉಳಿಯುವ ನಾದಕ್ಕೆ ‘ಅನುರಣನ’ ಎಂಬುದು ಅಲಂಕಾರಶಾಸ್ತ್ರದ ಆನಂದವರ್ಧನನ ಕಾಲದಿಂದ ನಡೆದು ಬಂದ ಮಾತು. ಆದರೆ ‘ಅನು’ ಎಂದರೆ ಹಿಂಬಾಲಿಸುವುದು. ಮೊದಲೇ ಬಂದು ಕೂತದ್ದು ಯಾರನ್ನು ಹಿಂಬಾಲಿಸೀತು? ‘ಪೂರ್ವರಣನ’ ಎನ್ನಿ. ಮುಗಿಯಿತು.

ಗದಗ:
ಹೆಂಗ ಮುಗೀತರಿ? ಪೂರ್ವರಣನ ಅಂದ್ರ ಹಾಡವರು ಮೂಡಣಕ್ಕ ಮುಖ ಮಾಡಿ ಕೂತಾರು. ಮಾರ್ದನಿ ಇದ್ದಂಗ ‘ಮುಂದನಿ’. ಮುಂಗಾರು, ಮುಂಜಾವು, ಮುಂಗಡ: ಮೊದಲ ಬರೋದಕ್ಕೆಲ್ಲ ‘ಮುಂ’ ಅಂತೀವಿ.

ಧಾರವಾಡ:
‘ಮುಂದಿನ ದನಿ’ ಎಂದು ಓದಿಕೊಳ್ಳುತ್ತಾರೆ. ಮುಂದೆ ಆಗುವುದು ಎಂದರೆ ಇನ್ನೂ ಆಗದ್ದು. ಅಲ್ಲದೆ ‘ದನಿ’ ಧ್ವನಿಯ ತದ್ಭವ. ಸಂಸ್ಕೃತ ಬೇಡ ಅನ್ನುವವರು ಸಾಲದ ದುಡ್ಡಲ್ಲೇ ಸಂತೆ ಮಾಡಿದಿರಿ.

ಗದಗ:
ತದ್ಭವಕ್ಕ ಕನ್ನಡದ ಜೋಡಿ ಸಮಾಸ ಆಗ್ತದ, ಸಂಸ್ಕೃತ-ಕನ್ನಡ ಬೆರೆಸಿದ ಅರಿಸಮಾಸ ಅಲ್ಲ. ವ್ಯಾಕರಣದ ಕೇಶಿರಾಜನ್ನ ನೋಡಿಕೊಳ್ರಿ. ‘ಮುಂದೆ’ ಬ್ಯಾರೆ, ಸಮಾಸದಾಗಿನ ‘ಮುಂ’ ಬ್ಯಾರೆ. ಮುಂಗಾರು ಅಂದ್ರ ಹಿಂಗಾರಿಗಿಂತ ಮೊದಲಿಂದು ಅಂತ ನಿಮಗ ಯಾರರ ಬಿಡಿಸಿ ಹೇಳಬೇಕಾತೇನು?

ಹುಬ್ಬಳ್ಳಿ, ಇನ್ನೊಬ್ಬರು:
ಇಲ್ಲಿ ಎಲ್ಲರೂ ‘ಉಲ್ಟಾ ರಿವರ್ಬ್’ ಅಂತಾರೆ. ಯಾರಿಗೂ ಗೊಂದಲ ಆಗಿಲ್ಲ.

ಹಾವೇರಿ:
ಗೊಂದಲ ಅಲ್ಲೇ ಇದೆ. ‘ರಿವರ್ಸ್’ ಹೆಸರಲ್ಲಿ ಎರಡು ಬೇರೆ ವಸ್ತುಗಳಿವೆ. ಯಮಾಹಾದ ಎಸ್‌ಪಿಎಕ್ಸ್90 (1985) ಥರದ ರಿವರ್ಬ್ ಪೆಟ್ಟಿಗೆಗಳಲ್ಲಿ, ಈಗ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಪ್ಲಗಿನ್‌ಗಳಲ್ಲಿ ‘ರಿವರ್ಸ್ ಗೇಟ್’ ಎಂದಿರುತ್ತದೆ. ಅಲ್ಲಿ ಸದ್ದು ಬಂದ ಮೇಲೆಯೇ ಪ್ರತಿಫಲನ ಶುರುವಾಗಿ, ಏರಿ, ಥಟ್ಟನೆ ನಿಲ್ಲುತ್ತದೆ. ಅದು ಪದದ ಹಿಂದೆಯೇ ಬರುವಂಥದ್ದು. ಕೇಳಿದವರು ಹೇಳುತ್ತಿರುವುದು ಪದಕ್ಕಿಂತ ಮೊದಲು ಬರುವಂಥದ್ದು. ಇನ್ನೂ ಹಾಡದ ಪದದ ಬಾಲವನ್ನು ಯಾವ ಪೆಟ್ಟಿಗೆಯೂ ನೇರ ಕಚೇರಿಯಲ್ಲಿ ಕೊಡಲಾರದು, ಮುದ್ರಿಸಿ ತಿರುವಲೇಬೇಕು. ‘ಉಲ್ಟಾ’ ಎಂದು ಬರೆದರೆ ಓದಿದವನು ಪೆಟ್ಟಿಗೆಯಲ್ಲಿ ಮೊದಲೇ ಹೊಂದಿಸಿಟ್ಟ ಪ್ರಿಸೆಟ್ ಒತ್ತಿ, ಯಾಕೆ ಬರಲಿಲ್ಲ ಎಂದು ಕೂರುತ್ತಾನೆ.

ಕರಡಿನಲ್ಲಿ ಇವೂ ಇರಲಿ, ಪದಕ್ಕಿಂತ ಇವೇ ಮುಖ್ಯ. ರಿವರ್ಬ್ ಪೂರ್ತಿ ಒದ್ದೆ (ವೆಟ್) ಇರಬೇಕು, ಎಂದರೆ ರಿವರ್ಬ್ ಮಾತ್ರ ಕೇಳಬೇಕು, ಮೂಲದ ಒಣ ಸದ್ದು ಸೊನ್ನೆ. ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ‘ವೆಟ್ ಓನ್ಲಿ’ಗೆ ಗುರುತು ಹಾಕುವುದು. ಅದರ ರಿವರ್ಬ್ ಆಯ್ದ ಭಾಗದ ಆಚೆ ಬಾಲ ಬೆಳೆಸುವುದಿಲ್ಲ, ಹಾಗಾಗಿ ಮೊದಲ ಸಲ ತಿರುವಿದ ಮೇಲೆ ಕೊನೆಗೆ ಆರೇಳು ಸೆಕೆಂಡು ಮೌನ ಸೇರಿಸಿ, ಅದನ್ನೂ ಆಯ್ದುಕೊಂಡೇ ರಿವರ್ಬ್ ಕೊಡಬೇಕು. ಇಲ್ಲದಿದ್ದರೆ ಬಾಲ ಕತ್ತರಿಸಿ, ಮತ್ತೆ ತಿರುವಿದಾಗ ಏರಿಕೆ ನಡುವಿನಿಂದ ಧೊಪ್ಪನೆ ಶುರುವಾಗುತ್ತದೆ. ಪ್ರಿ-ಡಿಲೇ (ಸದ್ದಿಗೂ ಅದರ ರಿವರ್ಬ್ ಶುರುವಾಗುವುದಕ್ಕೂ ನಡುವಿನ ಬಿಡುವು) ಸೊನ್ನೆ. 40 ಮಿಲಿಸೆಕೆಂಡು ಬಿಟ್ಟರೆ ಅಷ್ಟೇ ತೂತು ಏರಿಕೆಗೂ ಪದಕ್ಕೂ ನಡುವೆ ಬಂದು, ಅಲೆ ದಡ ಮುಟ್ಟದೆ ನಿಂತಂತೆ ಕೇಳುತ್ತದೆ.

ಉದ್ದದ ಲೆಕ್ಕದಲ್ಲಿ ಎಲ್ಲರೂ ತಪ್ಪುವುದು ಹೀಗೆ. ನಿಮಿಷಕ್ಕೆ 80 ಮಾತ್ರೆ ಎಂದರೆ ಒಂದು ಮಾತ್ರೆ 0.75 ಸೆಕೆಂಡು, ತೀನ್‌ತಾಲದ ನಾಲ್ಕು ಮಾತ್ರೆಯ ವಿಭಾಗ 3 ಸೆಕೆಂಡು. ಸಮ್‌ಗೆ (ಆವರ್ತದ ಮೊದಲ ಮಾತ್ರೆಗೆ) ಬಂದು ಬೀಳುವ ಪದಕ್ಕೆ ಒಂದು ವಿಭಾಗದಷ್ಟು ಏರಿಕೆ ಬೇಕೆಂದು ಡಿಕೇ 3 ಸೆಕೆಂಡು ಇಟ್ಟರೆ ಸಾಲದು. ಆ ಅಂಕಿ ಸದ್ದು 60 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು. ತಬಲಾ ತಂಬೂರಿಯ ಕೆಳಗೆ ಕಿವಿಗೆ ಸಿಗುವುದು ಮೇಲಿನ 30 ಡೆಸಿಬೆಲ್ ಇದ್ದೀತು, ಎಂದರೆ ಅರ್ಧ ಹೊತ್ತು. ಆರಕ್ಕೆ ಇಟ್ಟು ಕೇಳಿ ನೋಡಲಿ. ರಿವರ್ಬಿಗೆ ಹೋಗುವ ಮುಂಚೆ 200 ಹರ್ಟ್ಸ್ ಕೆಳಗಿನದನ್ನು ಕಡಿಯಬೇಕು, ಇಲ್ಲವಾದರೆ ಡಗ್ಗಾದ ಜೊತೆ ಗುಮ್ಮೆನ್ನುತ್ತದೆ. ಪದ ಸ, ಶಗಳಿಂದ ಶುರುವಾದರೆ ಏರಿಕೆಯ ತುದಿಯೆಲ್ಲ ಬರೀ ಬುಸುಗುಡುತ್ತದೆ, ಅಲ್ಲಿ 6 ಕಿಲೋಹರ್ಟ್ಸ್ ಮೇಲಿನದನ್ನೂ ತಗ್ಗಿಸುವುದು. ಸ್ವರದಿಂದ ಅಥವಾ ಮ, ನಗಳಿಂದ ಶುರುವಾದ ಪದ ಸಲೀಸು. ಹಾಡುವವರ ಮೈಕಿನಲ್ಲಿ ತಂಬೂರಿ ಸೋರಿದ್ದರೆ ಈ ಕೆಲಸವೇ ಬೇಡ: ಏರಿಕೆ ಏರುವುದಿಲ್ಲ, ಒಂದೇ ಸಮನೆ ಗುಂಯ್ ಅನ್ನುತ್ತಿರುತ್ತದೆ.

ಕೂಡಿಸುವಾಗ ನಕಲಿನ ಎಡ ಅಂಚು ನೋಡಬಾರದು, ಬಾಲ ಬೆಳೆದದ್ದೇ ಆ ಕಡೆ. ಮೂಲ ತುಣುಕಿನ ಬಲ ಅಂಚಿಗೆ ನಕಲಿನ ಬಲ ಅಂಚು ಹೊಂದಿಸಿದರೆ ತಾನಾಗಿ ಕೂರುತ್ತದೆ. ಆಮೇಲೆ ಪದ ಶುರುವಾಗುವ ಕಡೆ ನಕಲನ್ನು 10–20 ಮಿಲಿಸೆಕೆಂಡಿನಲ್ಲಿ ಇಳಿಸಿ ಕಡಿಯುವುದು. ಬಿಟ್ಟರೆ ಅದು ಪದದ ಮೈಮೇಲೆಲ್ಲ ಹರಡಿ ಉಚ್ಚಾರ ಕೆಸರಾಗುತ್ತದೆ. ಇಡೀ ಸಾಲಿಗೆ ಮಾಡಿದರಂತೂ ಅಂಬಲಿ.

ಗದಗ:
ಅಂದ್ರ ‘ಮುಂದನಿ’ನs ಖರೆ ಆತು.

ಧಾರವಾಡ:
ಆಗಲಿಲ್ಲ. ಮಾರ್ದನಿ ಎಕೋ, ರಿವರ್ಬ್ ಅಲ್ಲ. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗು ಬಿಡಿಬಿಡಿಯಾಗಿ ಮರಳುತ್ತದೆ, ಎಣಿಸಬಹುದು. ಅದು ಮಾರ್ದನಿ. ಎಣಿಸಲಾಗದ ಹಾಗೆ ಬೆರೆತು ಉಳಿಯುವುದು ರಣನ. ಆ ಭೇದ ಅಳಿಸುವ ಪದ ನನಗೆ ಬೇಡ.

ಹುಬ್ಬಳ್ಳಿ, ಇನ್ನೊಬ್ಬರು:
ರಿವರ್ಬಿಗೆ ‘ಗುಂಗು’ ಎನ್ನಿ. ಹಾಡು ನಿಂತ ಮೇಲೂ ಉಳಿಯುವಂಥದ್ದು. ಇದು ‘ಮುಂಗುಂಗು’.

ಧಾರವಾಡ:
ದಯವಿಟ್ಟು ಬೇಡ. ಗುಂಗು ತಲೆಯೊಳಗಿನದು, ಕೋಣೆಯೊಳಗಿನದಲ್ಲ. ಅದು ಮರಾಠಿ ಕಡೆಯದೋ ಅನುಕರಣವೋ ಅದನ್ನೂ ಮೊದಲು ತೀರ್ಮಾನಿಸಿ.

ಗದಗ:
ಮರಾಠಿದಾದ್ರ ಏನಾತು? ಹಾರ್ಮೋನಿಯಂಗ ‘ಪೇಟಿ’ ಅಂತೀರಿ. ತಾನ್, ಮೀಂಡ್, ಬಂದಿಶ್ ಇವಕ್ಕ ಧಾರವಾಡದಾಗ ಯಾರೂ ಕನ್ನಡ ಕೇಳಿಲ್ಲ. ವಾಯರ್ ಬಂದ ಕೂಡಲೇ ಅಷ್ಟs ಮಡಿ ನೆನಪಾಗ್ತದ.

ಧಾರವಾಡ:
ಪೇಟಿಗೆ ನಮ್ಮ ‘ಪೆಟ್ಟಿಗೆ’ ಇದೆ. ಮೀಂಡಿಗೆ ‘ಜಾರು’ ಇದೆ. ಬಳಸದಿರುವುದು ಸೋಮಾರಿತನ, ನಿಯಮವಲ್ಲ.

ಹಾವೇರಿ:
ಧಾರವಾಡದಲ್ಲೇ ಕೂತು ಮೀಂಡಿಗೆ ‘ಜಾರು’ ಅಂದು ನೋಡಿ, ತಂಬೂರಿ ಕೆಳಗಿಟ್ಟು ನೋಡುತ್ತಾರೆ. ಐದಕ್ಕೆ ಇನ್ನು ಇಪ್ಪತ್ತು ನಿಮಿಷ.

ಹುಬ್ಬಳ್ಳಿ:
ಅಚ್ಚಿಗೆ ಕಳಿಸಿದ್ದು ಹೀಗೆ: ‘ರಿವರ್ಬ್’ ಹಾಗೇ ಇದೆ. ತಿರುವಿ ಮಾಡುವುದಕ್ಕೆ ‘ಮುಂಬಾಲ’, ಕರಡಿನಲ್ಲಿ ಎಲ್ಲ ಕಡೆ ‘ಬಾಲ’ ಅಂತಲೇ ಇರುವುದರಿಂದ. ಪೆಟ್ಟಿಗೆಯ ಪ್ರಿಸೆಟ್ಟಿಗೆ ‘ಉಲ್ಟಾ ಗೇಟ್’. ಪ್ರಿ-ಡಿಲೇ ಸೊನ್ನೆ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದೆ.

ಧಾರವಾಡ:
ಬಾಲ ಮುಂದಿರುವ ಪ್ರಾಣಿ ಯಾವುದು?

ಗದಗ:
ಆನಿ. ದೂರದಿಂದ ನೋಡ್ರಿ.