ಶೀಟ್‌ನಲ್ಲಿ 4.08 ಲಕ್ಷ, ಪಾಸ್‌ಬುಕ್‌ನಲ್ಲಿ 7.46 ಲಕ್ಷ: ರಿಟೈರ್ ಆದ ಮೇಲೆ ವರ್ಷದ ಖರ್ಚು ಅಂದಾಜು ಮಾಡೋದು ಹೇಗೆ?

ಕುವೆಂಪುನಗರದವ:
ತಲೆ ಕೆಟ್ಟುಹೋಗಿದೆ, ದಯವಿಟ್ಟು ಯಾರಾದರೂ ನೋಡಿ ಹೇಳಿ. ಮೇ ತಿಂಗಳಲ್ಲಿ ರಿಟೈರ್ ಆಗ್ತೀನಿ. ಮಗಳ ಮದುವೆ ಆಗಿದೆ, ಇನ್ನು ನಾವಿಬ್ಬರೇ. ಮೂರು ಭಾನುವಾರ ಕೂತು ಎಕ್ಸೆಲ್‌ನಲ್ಲಿ ತಿಂಗಳ ಖರ್ಚು ಬರೆದೆ. ದಿನಸಿ 9,000, ಹಾಲು-ತರಕಾರಿ-ಹಣ್ಣು 7,500, ಕರೆಂಟು-ನೀರು-ಗ್ಯಾಸು 2,000, ಮೊಬೈಲು-ಇಂಟರ್ನೆಟ್ಟು 1,500, ಕೆಲಸದವರಿಗೆ 2,500, ಔಷಧಿ 4,000, ಪೆಟ್ರೋಲು 3,000, ಇತರೆ 4,500. ಒಟ್ಟು 34,000. ವರ್ಷಕ್ಕೆ 4,08,000.

ಆದರೆ ಹೋದ ಏಪ್ರಿಲ್‌ನಿಂದ ಈ ಮಾರ್ಚ್‌ವರೆಗೆ ಖಾತೆಯಿಂದ ಹೊರಗೆ ಹೋಗಿರೋದು 7,46,000! ಸೂತ್ರ ಎರಡು ಮೂರು ಸಲ ನೋಡಿದೆ, ಸರಿಯಾಗೇ ಇದೆ. ಪೆನ್ಷನ್ ಇದೆ, ಆದರೂ ಖರ್ಚೇ ಗೊತ್ತಿಲ್ಲದೆ ಯಾವ ಧೈರ್ಯದ ಮೇಲೆ ಕೆಲಸ ಬಿಡೋದು?

ಏರುಬೆಲೆ:
ಹಣದುಬ್ಬರ ಸೇರಿಸಿಲ್ಲ ನೀವು. 6% ಹಾಕಿ. 72ನ್ನು 6ರಿಂದ ಭಾಗಿಸಿ, 12 ವರ್ಷಕ್ಕೆ ಖರ್ಚು ಎರಡರಷ್ಟಾಗುತ್ತೆ. ನಿಮ್ಮ 4.08 ಲಕ್ಷ ಆಗ 8 ಲಕ್ಷ ದಾಟುತ್ತೆ. ಎಲ್ಲರೂ ಇಲ್ಲೇ ಎಡವೋದು.

ಪಾಸ್‌ಬುಕ್_ಹುಬ್ಬಳ್ಳಿ:
ಸರ, ಮುಂದಿನ ಹನ್ನೆರಡು ವರ್ಷದ ಏರಿಕಿ ಹೋದ ವರ್ಷದ ಪಾಸ್‌ಬುಕ್ಕಿನ್ಯಾಗ ಹೆಂಗ ಬರತೈತ್ರಿ? ಅವರು ಕೇಳಾಕತ್ತಿದ್ದು ಈಗಾಗಲೇ ಹೋದ ರೊಕ್ಕದ ಮಾತು.

ಏರುಬೆಲೆ:
ಎರಡಕ್ಕೂ ಸಂಬಂಧ ಇದೆ. ಅವರು ಬರೆದಿರೋದು ಹಳೇ ದರದ ಅಂದಾಜು ಇರಬೇಕು. ವೈದ್ಯಕೀಯ ಖರ್ಚಂತೂ 6% ಸಾಲದು, 10% ಹಾಕಿ.

ಪಾಸ್‌ಬುಕ್_ಹುಬ್ಬಳ್ಳಿ:
3,38,000 ವ್ಯತ್ಯಾಸ ಐತ್ರಿ. ದರದ ಫರಕಿಗೆ ಅಷ್ಟು ಆಗಂಗಿಲ್ಲ. ಮೊದಲ ಪಾಸ್‌ಬುಕ್ ಎದುರಿಗಿ ಇಟಗೊಂಡು 5,000ಕ್ಕಿಂತ ದೊಡ್ಡ ನಮೂದು ಅಷ್ಟ ಪಟ್ಟಿ ಮಾಡ್ರಿ.

ಕಡಲತಡಿ:
ಪೆನ್ಷನ್ ಉಂಟು ಅಂತೀರಿ, ಮತ್ತೆ ಹೆದರಿಕೆ ಯಾಕೆ ಮಾರಾಯ್ರೆ? ಡಿಎ (ತುಟ್ಟಿಭತ್ಯೆ) ಏರ್ತಾ ಹೋಗ್ತದಲ್ಲ. ಬಂದ ನಿವೃತ್ತಿ ಹಣ ತೆಗೆದು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷ ಇಡಿ. ಈಗ 8.2%, ಮೂರು ತಿಂಗಳಿಗೊಮ್ಮೆ 61,500 ಖಾತೆಗೆ ಬೀಳ್ತದೆ. ಹಿರಿಯ ನಾಗರಿಕರಿಗೆ 50,000ದವರೆಗಿನ ಬಡ್ಡಿಗೆ ತೆರಿಗೆ ವಿನಾಯಿತಿ ಕೂಡ ಉಂಟು.

ಲೆಕ್ಕದಪುಸ್ತಕ:
ಆ ಬಡ್ಡಿ ವಿನಾಯಿತಿ ಹಳೇ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆಯೇ ಬರಲ್ಲ, ಅದರ ಹಂಗ್ಯಾಕೆ?

ಕಡಲತಡಿ:
ಎಲ್ಲರಿಗೂ ಹೊಸ ಪದ್ಧತಿಯೇ ಲಾಭ ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಲೆಕ್ಕದಪುಸ್ತಕ:
ಇವರ ಆದಾಯಕ್ಕೆ ಲಾಭವೇ. ಇರಲಿ, ಲೆಕ್ಕ ಬರೆಯೋ ಮಾತಿಗೆ ಬರ್ತೀನಿ. ನಮ್ಮನೇಲಿ 1994ರಿಂದ ಒಂದು ದಿನವೂ ಬಿಡದೆ ಪುಸ್ತಕ ಬರೀತೀವಿ. ಇವತ್ತು ಸಂಜೆ ತಂದ ಕೊತ್ತಂಬರಿಯೂ ಅದರಲ್ಲಿದೆ. ಮನೆ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ ಖರ್ಚು, ಬಂದ 78,000 ಸಬ್ಸಿಡಿ, ಆಮೇಲಿನ ಕರೆಂಟ್ ಬಿಲ್ಲು, ಯಾವ ತಿಂಗಳದ್ದು ಕೇಳಿದರೂ ಹೇಳಬಲ್ಲೆ.

ಹಾಸನದ_ಮೇಡಂ:
ಸರ್, ನಿಮ್ಮ ಸೋಲಾರ್ ಇನ್ವರ್ಟರ್ ಎಷ್ಟು ಕಿಲೋವ್ಯಾಟಿನದು? ನಾವೂ ಹಾಕಿಸಬೇಕು ಅಂತಿದ್ದೀವಿ.

ಕುವೆಂಪುನಗರದವ:
ಸ್ವಲ್ಪ ನನ್ನ ಕಡೆ ನೋಡಿ. ಹುಬ್ಬಳ್ಳಿ ಸರ್ ಹೇಳಿದ ಹಾಗೆ ಪಾಸ್‌ಬುಕ್ ಹಿಡಿದು ಕೂತೆ. ಸಿಕ್ಕಿದ್ದು ಇಷ್ಟು:

ಹೆಂಡತಿ ಹೆಸರಿನ ಆರ್‌ಡಿ 60,000. ಜೀವವಿಮೆ ಪ್ರೀಮಿಯಂ 42,000. ಕಾರಿನ ವಿಮೆ, ಸರ್ವೀಸು, ಮನೆ ಕಂದಾಯ ಸೇರಿ 33,000. ಹಬ್ಬ, ಮದುವೆ-ಮುಂಜಿ ಮುಯ್ಯಿ, ಮಗಳಿಗೆ ಗೌರಿ ಬಾಗಿನ, ಎಲ್ಲ 48,000. ತಾರಸಿ ಸೋರಿಕೆ ಮತ್ತು ಬಣ್ಣ 65,000. ಕಾಶಿ ಪ್ರವಾಸ 38,000. ಹೆಂಡತಿಯ ಹಲ್ಲಿನ ಚಿಕಿತ್ಸೆ 46,000. ಕೂಡಿದರೆ 3,32,000. ಇನ್ನು 6,000 ಮಾತ್ರ ಸಿಕ್ಕಿಲ್ಲ.

ಇದೆಲ್ಲ ತಿಂಗಳ ಖರ್ಚಲ್ಲ, ಅದಕ್ಕೇ ಬರೆದಿರಲಿಲ್ಲ.

ಪಾಸ್‌ಬುಕ್_ಹುಬ್ಬಳ್ಳಿ:
ಇಲ್ಲೇ ಐತ್ರಿ ನಿಮ್ಮ ಉತ್ತರ. ತಿಂಗಳದ್ದನ್ನ ಹನ್ನೆರಡರಿಂದ ಗುಣಿಸಿದ್ರ ಅದು ವರ್ಷದ ಖರ್ಚು ಆಗಂಗಿಲ್ಲ. ನಾ ಮೂರು ಕಾಲಂ ಹಾಕತೀನಿ: ತಿಂಗಳದ್ದು, ವರ್ಷಕ್ಕೊಮ್ಮೆದು, ಐದಾರು ವರ್ಷಕ್ಕೊಮ್ಮೆದು. ಆರ್‌ಡಿ ಉಳಿತಾಯ, ಅದು ಖರ್ಚಲ್ಲ, ತಗೀರಿ. ಜೀವವಿಮೆ ಕಂತು ಮುಗಿಯೂದಿದ್ರ ಅದನ್ನೂ ತಗೀರಿ. ತಾರಸಿದ್ದು ಐದು ವರ್ಷಕ್ಕ ಹಂಚಿದ್ರ ವರ್ಷಕ್ಕ 13,000. ಫ್ರಿಜ್ಜು, ಯುಪಿಎಸ್ ಬ್ಯಾಟರಿ, ಸ್ಕೂಟರ್ ಟೈರು ಇವಕ್ಕ 24,000 ಬ್ಯಾರೆ ಇಡ್ರಿ. ಪೆಟ್ರೋಲು ಆಫೀಸಿಗಿ ಹೋಗೂದ್ದು ಎಷ್ಟ ಇತ್ತು?

ಕುವೆಂಪುನಗರದವ:
3,000ದಲ್ಲಿ 2,000 ಆಫೀಸಿಂದೇ. ಜೀವವಿಮೆ ಈ ವರ್ಷಕ್ಕೆ ಮುಗೀತು.

ಹಾಗಾದರೆ ತಿಂಗಳದ್ದು ವರ್ಷಕ್ಕೆ 3,84,000. ಕಾರು-ಕಂದಾಯ 33,000, ಹಬ್ಬ-ಮುಯ್ಯಿ 48,000, ರಿಪೇರಿ 13,000, ಒಂದು ಪ್ರವಾಸ 38,000, ಸಾಮಾನು ಬದಲಿಸೋಕೆ 24,000, ಹಲ್ಲು-ಕಣ್ಣಿನಂಥದ್ದಕ್ಕೆ 20,000. ಒಟ್ಟು 5,60,000. ಮೊದಲ ಸಲ ಲೆಕ್ಕ ಕೈಗೆ ಸಿಕ್ಕಿದ ಹಾಗಾಯ್ತು. ತುಂಬಾ ಉಪಕಾರ ಆಯ್ತು ಸರ್.

ಏರುಬೆಲೆ:
ಅದಕ್ಕೂ 6% ಸೇರಿಸಿ.

ಹಾಸನದ_ಮೇಡಂ:
ನಿಮ್ಮ ಪಟ್ಟಿಯಲ್ಲಿ ಆರೋಗ್ಯ ವಿಮೆಯೇ ಇಲ್ಲವಲ್ಲ? ವಿಮೆ ಕಂಪನಿಯಲ್ಲೇ ಕೆಲಸ ಮಾಡಿ ನಿವೃತ್ತಳಾದವಳು, ಅದಕ್ಕೇ ಕೇಳ್ತಿದ್ದೀನಿ.

ಕುವೆಂಪುನಗರದವ:
ಆಫೀಸಿನದ್ದು ಇದೆ ಮೇಡಂ, ಇಬ್ಬರಿಗೂ 5 ಲಕ್ಷ. ಅದಕ್ಕೆ ನಾವೇನೂ ಕಟ್ಟಲ್ಲ. ಹೆಂಡತಿಗೆ ಸಕ್ಕರೆ, ಬಿಪಿ ಎರಡೂ ಇದೆ.

ಹಾಸನದ_ಮೇಡಂ:
ನೀವು ಕೆಲಸ ಬಿಟ್ಟ ದಿನ ಅದು ಸಾಮಾನ್ಯವಾಗಿ ಮುಗಿಯುತ್ತೆ! ಮೇ ತಿಂಗಳವರೆಗೆ ಕಾಯಬೇಡಿ. ಈಗಲೇ ಎಚ್‌ಆರ್‌ನವರನ್ನು ಕೇಳಿ, ಅದೇ ವಿಮಾ ಕಂಪನಿಯಲ್ಲಿ ಗುಂಪು ಪಾಲಿಸಿಯಿಂದ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಿ. ತಪಾಸಣೆ ಕೇಳಬಹುದು, ಆದರೆ ಗುಂಪಿನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರ್ತವೆ. ಹೊಸದಾಗಿ ತಗೊಂಡರೆ ಮೊದಲೇ ಇರೋ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು. ನಿಮ್ಮ ಮನೆಯವರ ಸಕ್ಕರೆ, ಬಿಪಿ ಮುಚ್ಚಿಡಬೇಡಿ, ಮುಂದೆ ಕ್ಲೇಮ್ ಹೊತ್ತಿನಲ್ಲಿ ಅದೇ ಮುಳುವಾಗುತ್ತೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ 18% ಜಿಎಸ್‌ಟಿ ಇಲ್ಲ, ಅಷ್ಟು ಉಳಿಯುತ್ತೆ.

ಕಡಲತಡಿ:
ಆಯುಷ್ಮಾನ್ ಕಾರ್ಡ್ ಮಾಡಿಸಿ, 5 ಲಕ್ಷದವರೆಗೆ ಉಂಟು.

ಹಾಸನದ_ಮೇಡಂ:
ಆದಾಯ ನೋಡದೆ ಕೊಡೋದು 70 ತುಂಬಿದವರಿಗೆ. ಸರ್, ನಿಮ್ಮ ವಯಸ್ಸೆಷ್ಟು?

ಕುವೆಂಪುನಗರದವ:
ಮೇ ತಿಂಗಳಿಗೆ 58. ಪ್ರೈವೇಟ್ ಕಾರ್ಖಾನೆ. ಪೆನ್ಷನ್ ಅಂದಿದ್ದು ಪಿಎಫ್‌ನ ಇಪಿಎಸ್, ತಿಂಗಳಿಗೆ 4,000 ಸುಮಾರು.

ಲೆಕ್ಕದಪುಸ್ತಕ:
ಇದನ್ನ ಮೊದಲೇ ಹೇಳಬೇಕಿತ್ತು ಸ್ವಾಮಿ! ಇಪಿಎಸ್‌ಗೆ ಡಿಎ ಇಲ್ಲ. ಆ ಬಡ್ಡಿ ವಿನಾಯಿತಿಯೂ 60 ತುಂಬಿದ ಮೇಲೇ. ಉಳಿತಾಯ ಯೋಜನೆ ಮಾತ್ರ ಸಿಗುತ್ತೆ: 55 ದಾಟಿ ನಿವೃತ್ತರಾದವರು ನಿವೃತ್ತಿ ಹಣ ಬಂದ 3 ತಿಂಗಳೊಳಗೆ ತೆರೆಯಬಹುದು. ಆ ಗಡುವು ತಪ್ಪಿಸಿಕೊಂಡರೆ 60ರವರೆಗೆ ಕಾಯಬೇಕು.

ಕಡಲತಡಿ:
ನಾನು ಸರಕಾರಿ ಪೆನ್ಷನ್ ಅಂತಲೇ ಎಣಿಸಿದ್ದೆ. ತಪ್ಪಾಯ್ತು.

ಕುವೆಂಪುನಗರದವ:
ಇಪಿಎಸ್ 48,000, 30 ಲಕ್ಷದ ಬಡ್ಡಿ 2,46,000, ಒಟ್ಟು 2,94,000. ವರ್ಷಕ್ಕೆ 2,66,000 ಕೊರತೆ, ವಿಮೆ ಪ್ರೀಮಿಯಂ ಬೇರೆ. ಅದು ಉಳಿದ ಪಿಎಫ್ ಹಣದಿಂದ ಬರಬೇಕು. ಹೆಂಡತಿಗೆ ತೋರಿಸಿದೆ. ಮುಯ್ಯಿ ಕಡಿಮೆ ಮಾಡೋಣ ಅಂದಳು, ಬಾಗಿನದ ದುಡ್ಡು ಮುಟ್ಟಬೇಡಿ ಅಂದಳು. ಸೋಮವಾರ ಎಚ್‌ಆರ್‌ನವರನ್ನು ಕೇಳಿ ಪ್ರೀಮಿಯಂ ಎಷ್ಟು ಅಂತ ಇಲ್ಲೇ ಬರೀತೀನಿ.

ಏರುಬೆಲೆ:
ಪ್ರೀಮಿಯಂ ಕಾಲಂಗೆ 10% ಏರಿಕೆ ಹಾಕಿಕೊಂಡೇ ಶೀಟ್ ಮಾಡಿ.

ಹಾಸನದ_ಮೇಡಂ:
60 ದಾಟಿದವರಿಗೆ ವರ್ಷಕ್ಕೆ 10%ಗಿಂತ ಹೆಚ್ಚು ಏರಿಸಬೇಕಾದರೆ ಕಂಪನಿ ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಕೇಳಬೇಕು. ಹಾಗಾಗಿ ಈ ಒಂದು ಕಾಲಂಗೆ ನಿಮ್ಮ ಮಾತು ಸರಿ ಇದೆ.

ಲೆಕ್ಕದಪುಸ್ತಕ:
ಮೇಡಂ, ನಮ್ಮ ಇನ್ವರ್ಟರ್ 3 ಕಿಲೋವ್ಯಾಟಿನದೇ. ಬ್ಯಾಟರಿ ಇಲ್ಲ, ಗ್ರಿಡ್‌ಗೇ ಜೋಡಿಸಿದ್ದು. ಕರೆಂಟ್ ಹೋದರೆ ಅದೂ ನಿಲ್ಲುತ್ತೆ, ತಿಳಿದಿರಲಿ.

ಪಾಸ್‌ಬುಕ್_ಹುಬ್ಬಳ್ಳಿ:
ಆ 6,000 ಸಿಕ್ತೇನ್ರಿ ಸರ?